ಮುಹೂರ್ತದ ಹೊತ್ತಿಗೆ ನಾನು ಫ್ಲೈಓವರ್ ಕೆಳಗೆ ಇರಲಿಲ್ಲ

ಡಿಸಿಪಿ ಕಚೇರಿಯ ಮೆಟ್ಟಿಲಿಳಿದು ಬಂದು ಒಂಬತ್ತು ದಿನವಾಯಿತು. ಇನ್ನೂ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎಪ್ಪತ್ತೆರಡು ವರ್ಷದ ಮನುಷ್ಯ ಬೆಳಗಾಗುತ್ತಲೇ ಸಹಕಾರನಗರದ ಪಾರ್ಕನ್ನು ಮೂರು ಸುತ್ತು ಹಾಕಿ, ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮತ್ತೆ ಹೊರಟರೆ ಮನೆಯವರಿಗೆ ಗಾಬರಿಯಾಗದೆ ಇರುತ್ತದೆಯೇ? ‘ಬಿ.ಪಿ. ತೋರಿಸ್ಕೊಂಡು ಬರೋಣ, ನಡೀರಿ’ ಎಂದಳು ಹೆಂಡತಿ. ಬಿ.ಪಿ. ಅಲ್ಲ ಕಣೇ ಎಂದೆ. ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಸುಳ್ಳನ್ನು ಹೊರಗೆ ಹಾಕಿ ಬಂದಿದ್ದೇನೆ. ಹಾಗೆ ಹಾಕಿದರೆ ಇಷ್ಟು ಹಗುರಾಗುತ್ತದೆಂದು ಗೊತ್ತಿದ್ದರೆ ಹತ್ತು ವರ್ಷ ಮುಂಚೆಯೇ ಹಾಕಿಬಿಡುತ್ತಿದ್ದೆ. ಆ ಹತ್ತು ವರ್ಷ ನನ್ನದಾಗಿದ್ದರೆ ಈ ಮಾತನ್ನು ನಗುತ್ತಾ ಹೇಳಬಹುದಿತ್ತು. ಅದು ಇನ್ನೊಬ್ಬನದು.

ನನ್ನದೊಂದು ಫೋಟೋ ಸ್ಟುಡಿಯೊ. ಬೆಂಗಳೂರಿನ ಈ ಉತ್ತರದ ಕಡೆ, ಒಂದು ಪೊಲೀಸ್ ಸ್ಟೇಷನ್ನಿನ ಎದುರಿಗೆ. ಯಾವ ಸ್ಟೇಷನ್ನೆಂದು ಬರೆಯುವುದಿಲ್ಲ. ಆಗ ಅಲ್ಲಿದ್ದವರು ಈಗ ಯಾರೂ ಇಲ್ಲ, ಮತ್ತು ನಾನು ಒಪ್ಪಿಕೊಳ್ಳಬೇಕಾಗಿರುವುದು ನನ್ನ ತಪ್ಪನ್ನು.

ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ನಾನು ಪೊಲೀಸ್ ಪೇದೆಯ ಆಯ್ಕೆಗೆ ಹೋಗಿದ್ದೆ. ಎದೆ ಸರಿಯಿತ್ತು, ಓಟ ಸರಿಯಿತ್ತು. ಅಳೆಯುವವನು ನನ್ನ ನೆತ್ತಿಯ ಮೇಲೆ ಹಲಗೆ ಒತ್ತಿ ಹಿಡಿದು ‘ಅರ್ಧ ಇಂಚು ಕಮ್ಮಿ, ನೆಕ್ಸ್ಟ್’ ಎಂದು ಕೂಗಿದ. ಆಮೇಲೆ ಕ್ಯಾಮೆರಾ ಹಿಡಿದೆ, ಸಂಸಾರ ಮಾಡಿದೆ, ಎಲ್ಲ ಸರಿ. ಆದರೆ ಸ್ಟೇಷನ್ನಿನ ಎದುರಿಗೆ ಬಾಡಿಗೆಗೆ ಅಂಗಡಿ ಸಿಕ್ಕಾಗ ನನಗಾದ ಸಂತೋಷಕ್ಕೆ ಆ ಅರ್ಧ ಇಂಚೇ ಕಾರಣವೆಂದು ಈಗ ಒಪ್ಪಿಕೊಳ್ಳುತ್ತೇನೆ.

ಸ್ಟೇಷನ್ನಿಗೆ ಫೋಟೋ ಬೇಕಾಗುತ್ತಿತ್ತು. ಹಿಡಿದು ತಂದವರದು ಎದುರಿನಿಂದ ಒಂದು, ಪಕ್ಕದಿಂದ ಒಂದು. ವಶಪಡಿಸಿಕೊಂಡ ಮಾಲಿನದು ಒಂದು. ಕ್ರಮೇಣ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂತು. ಪೊಲೀಸರು ಯಾರ ಜೇಬಿನಿಂದಲಾದರೂ ಏನನ್ನಾದರೂ ತೆಗೆದಾಗ, ಅದನ್ನು ಇಬ್ಬರು ಹೊರಗಿನವರು ಕಣ್ಣಾರೆ ನೋಡಿ ಮಹಜರಿಗೆ ಸಹಿ ಹಾಕಬೇಕು. ಅಂಥವರಿಗೆ ಪಂಚರು ಎನ್ನುತ್ತಾರೆ. ದಾರಿಹೋಕರು ಯಾರೂ ಒಪ್ಪುವುದಿಲ್ಲ. ಕೋರ್ಟಿಗೆ ಅಲೆಯುವವರು ಯಾರು? ನಾನು ಒಪ್ಪುತ್ತಿದ್ದೆ. ಸ್ಟೇಷನ್ನಿನ ಬರವಣಿಗೆ ನೋಡಿಕೊಳ್ಳುತ್ತಿದ್ದ ಮುಖ್ಯಪೇದೆಯನ್ನು ಎಲ್ಲರೂ ರೈಟರ್ ಎನ್ನುತ್ತಿದ್ದರು. ಅವರು ಬಾಗಿಲಲ್ಲಿ ನಿಂತು ‘ಫೋಟೋ ಸಾರ್, ಒಂದ್ನಿಮಿಷ ಬರ್ತೀರಾ?’ ಎಂದು ಕೂಗಿದರೆ ನಾನು ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿಯೇ ರಸ್ತೆ ದಾಟಿಬಿಡುತ್ತಿದ್ದೆ. ಒಳಗೆ ನನಗೊಂದು ಕುರ್ಚಿ, ಒಂದು ಟೀ. ಇನ್ಸ್‌ಪೆಕ್ಟರ್ ತಲೆಯೆತ್ತಿ ‘ಏನ್ ಸಮಾಚಾರ?’ ಎಂದು ಕೇಳುತ್ತಿದ್ದರು. ಅಷ್ಟೇ ನನಗೆ ಸಿಕ್ಕ ಲಾಭ. ನನ್ನನ್ನು ಯಾರೂ ಹೆದರಿಸಲಿಲ್ಲ, ಯಾರೂ ಏನನ್ನೂ ಕೊಡಲಿಲ್ಲ.

ಅಲ್ಲಿ ಕೂತು ಕೂತು ನನಗೆ ಅವರ ಲೆಕ್ಕ ತಿಳಿಯಿತು. ರೈಟರ್ ಒಮ್ಮೆ ಬೀಡಿ ಹಚ್ಚುತ್ತಾ ಹೇಳಿದ್ದರು:

‘ಒಂದ್ಸಲ ಬಂದ್ರೆ ಆರೋಪಿ ಸಾರ್. ಎರಡ್ಸಲ ಬಂದ್ರೆ ಹಳೇ ಆರೋಪಿ. ಮೂರ್ನೇ ಸಲಕ್ಕೆ ಅವ್ನು ನಮ್ಮೋನು, ನಾವೇ ಹೋಗಿ ಕರ್ಕೊಂಡ್ ಬರ್ತೀವಿ.’

ನಾನು ಜೋರಾಗಿ ನಕ್ಕಿದ್ದೆ.

ಹನ್ನೊಂದು ವರ್ಷದ ಹಿಂದೆ, ಆಷಾಢ ಕಳೆದು ಮದುವೆಗಳು ಶುರುವಾದ ಸಮಯ. ಯಲಹಂಕದ ಛತ್ರವೊಂದರಲ್ಲಿ ಬಾಗಲೂರಿನ ಹುಡುಗಿಯ ಮದುವೆ ಮುಗಿಸಿ ಸಂಜೆ ನಾಲ್ಕರ ಹೊತ್ತಿಗೆ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಸ್ಟುಡಿಯೊಗೆ ಬಂದಿದ್ದೆ. ಹಣೆಯ ಮೇಲೆ ಅಕ್ಷತೆ ಇನ್ನೂ ಅಂಟಿತ್ತು. ರೈಟರ್ ಕರೆದರು. ಹೋದೆ. ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಗಾಂಜಾ ಇತ್ತು. ಗೋಡೆಯ ಬದಿಗೆ ಬನಿಯನ್ನಿನಲ್ಲಿ ಒಬ್ಬ ಕೂತಿದ್ದ. ಇಪ್ಪತ್ತೈದು ಇಪ್ಪತ್ತಾರರ ಪ್ರಾಯ. ಮೊಣಕೈವರೆಗೆ ಹಳದಿ ಪೇಂಟು ಹತ್ತಿತ್ತು, ಥಿನ್ನರ್ ವಾಸನೆ ಬರುತ್ತಿತ್ತು.

ಅವನು ನನಗೆ ಗೊತ್ತಿದ್ದವನೇ. ಹಿಂದಿನ ವರ್ಷ ಹೆಬ್ಬಾಳ ಕೆರೆ ಏರಿಯ ಮೇಲೆ ಗೆಳೆಯರ ಜೊತೆ ಗಾಂಜಾ ಸೇದುವಾಗ ಸಿಕ್ಕಿಬಿದ್ದಿದ್ದ. ಅದು ನಿಜವಾದ ಕೇಸು. ಕೋರ್ಟಿನಲ್ಲಿ ಒಪ್ಪಿಕೊಂಡು ದಂಡ ಕಟ್ಟಿದ್ದ. ಅವನ ಎರಡೂ ಫೋಟೋ ತೆಗೆದವನು ನಾನೇ.

ಆ ವಾರ ಮೇಲಿನಿಂದ ಆದೇಶ ಬಂದಿತ್ತಂತೆ: ಗಾಂಜಾ ಮಾರುವವರನ್ನು ಹಿಡಿಯಿರಿ. ಹೊಸಬರನ್ನು ಎಲ್ಲಿಂದ ಹುಡುಕುವುದು? ಹಳೆಯ ಪಟ್ಟಿ ತೆಗೆದರು. ಪಟ್ಟಿಯಲ್ಲಿ ಇವನಿದ್ದ, ಇವನ ವಿಳಾಸವಿತ್ತು, ಆರ್.ಟಿ. ನಗರದಲ್ಲಿ ಯಾವುದೋ ಮನೆಗೆ ಬಣ್ಣ ಬಳಿಯುತ್ತಿದ್ದಾನೆ ಎಂಬ ಸುದ್ದಿಯಿತ್ತು. ಏಣಿಯಿಂದ ಇಳಿಸಿ ಕರೆತಂದಿದ್ದರು.

‘ಇಲ್ಲೊಂದು ಸೈನ್ ಸಾರ್,’ ಎಂದರು ರೈಟರ್.

ಓದಿದೆ. ಓದದೆ ಹಾಕಿದೆ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ. ಅದೇ ದಿನ ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯವರೆಗೆ ಹೆಬ್ಬಾಳ ಫ್ಲೈಓವರ್ ಕೆಳಗೆ, ಗಿರಾಕಿಗಳಿಗಾಗಿ ಕಾಯುತ್ತಿದ್ದ ಈ ಆಸಾಮಿಯ ಪ್ಯಾಂಟಿನ ಬಲಜೇಬಿನಿಂದ ಪೊಟ್ಟಣ ತೆಗೆದದ್ದನ್ನು ನಾನು ಕಣ್ಣಾರೆ ಕಂಡೆ ಎಂದು ಅದರಲ್ಲಿತ್ತು.

ಗೋಡೆಯ ಬದಿಯಿಂದ ಅವನು ಹೇಳಿದ: ‘ಸಾರ್, ನೀವು ಅಲ್ಲಿರ್ಲಿಲ್ಲ. ನಾನೂ ಇರ್ಲಿಲ್ಲ.’

ರೈಟರ್ ನಕ್ಕರು. ‘ನೋಡಿ, ಇಬ್ರೂ ಇರ್ಲಿಲ್ಲ ಅಂದ್ರೆ ಸರಿಹೋಯ್ತಲ್ಲ!’

ನಾನೂ ನಕ್ಕೆ. ನಗುತ್ತಲೇ ಸಹಿ ಹಾಕಿದೆ. ಆಮೇಲೆ ಅವನನ್ನು ನಿಲ್ಲಿಸಿ ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದೆ. ‘ಗಲ್ಲ ಸ್ವಲ್ಪ ಮೇಲೆ’ ಎಂದು ಹೇಳಿದ್ದು ಕೂಡ ನೆನಪಿದೆ. ಮದುಮಗನಿಗೆ ಬೆಳಗ್ಗೆ ಹೇಳಿದ್ದೂ ಅದೇ ಮಾತು.

ಜಾಮೀನು ಸಿಗುವವರೆಗೆ ನಲವತ್ತು ದಿನ ಒಳಗಿದ್ದ. ಕೆಲವು ವರ್ಷಗಳಾದ ಮೇಲೆ ವಿಚಾರಣೆ ನಡೆಯಿತು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ, ಹತ್ತೂವರೆಗೆ ಫ್ಲೈಓವರ್ ಕೆಳಗಿದ್ದೆ ಎಂದು ಹೇಳಿಬಂದೆ. ಅಷ್ಟಾದರೂ ಕೇಸು ನಿಲ್ಲಲಿಲ್ಲ. ಸ್ಟೇಷನ್ನಿನಲ್ಲಿ ತೂಗಿದ ತೂಕಕ್ಕೂ ಪ್ರಯೋಗಾಲಯದ ತೂಕಕ್ಕೂ ತಾಳೆಯಾಗಲಿಲ್ಲ, ಬಿಡುಗಡೆಯಾಯಿತು. ಅವನು ಬಿಡುಗಡೆಯಾದನಲ್ಲ, ಇನ್ನು ನನ್ನದೇನು ಎಂದು ನಾನು ನಿದ್ದೆ ಮಾಡಿದೆ.

ಆದರೆ ಕೇಸು ಬಿದ್ದಿತೇ ಹೊರತು ಶೀಟು ಬೀಳಲಿಲ್ಲ. ಎರಡು ಕೇಸು ಆಯಿತೆಂದು ಅವನ ಹೆಸರಿನಲ್ಲಿ ರೌಡಿ ಶೀಟು ತೆರೆದಿದ್ದರು. ಅದು ಒಂದು ಕಡತ. ತೆರೆಯುವುದು ಒಂದು ಮಧ್ಯಾಹ್ನದ ಕೆಲಸ. ಮುಚ್ಚಬೇಕಾದರೆ ಮೇಲಧಿಕಾರಿಯ ಮನಸ್ಸು ಬರಬೇಕು. ಅಲ್ಲಿಂದ ಮುಂದೆ ಚುನಾವಣೆ ಬಂದರೆ ಅವನನ್ನು ಕರೆ, ಗಣೇಶನ ಹಬ್ಬ ಬಂದರೆ ಕರೆ, ಹೊಸ ವರ್ಷಕ್ಕೆ ಕರೆ. ಬೆಳಗ್ಗೆ ಮೈದಾನದಲ್ಲಿ ಎಲ್ಲ ಶೀಟಿನವರನ್ನೂ ಸಾಲಾಗಿ ನಿಲ್ಲಿಸುತ್ತಾರೆ. ಅದಕ್ಕೆ ಪರೇಡ್ ಎನ್ನುತ್ತಾರೆ. ಹೊಸ ಫೋಟೋ ತೆಗೆಯಲು ನಾನು ಹಾಜರು.

ಒಂದು ಪರೇಡಿನಲ್ಲಿ ಊರುಗೋಲು ಹಿಡಿದು ಬಂದಿದ್ದ ಮುದುಕನೊಬ್ಬನಿಗೆ ಇನ್ಸ್‌ಪೆಕ್ಟರ್ ಕೇಳಿದರು:

‘ಏನ್ ತಾತ, ಈ ಸಲ ಯಾರನ್ನ ಹೊಡೆಯೋ ಪ್ಲಾನು?’

‘ಸೊಳ್ಳೆ ಸಾರ್. ಅದೂ ಕೈಗೆ ಸಿಗ್ತಿಲ್ಲ.’

ಸಾಲಿನವರೆಲ್ಲ ನಕ್ಕರು. ಪೇಂಟರನ ಸರದಿ ಬಂತು.

‘ನೀನೇನ್ ಮಾಡ್ತಿದೀಯ ಈಗ?’

‘ಪೇಂಟಿಂಗ್ ಸಾರ್.’

‘ಗೋಡೆಗೋ, ಪೊಲೀಸ್ರಿಗೋ?’

ಅವನು ನನ್ನ ಕ್ಯಾಮೆರಾದ ಕಡೆ ನೋಡಿದ. ನಾನು ಕಣ್ಣನ್ನು ಕ್ಯಾಮೆರಾಗೆ ಒತ್ತಿಕೊಂಡು ಮುಖ ಮುಚ್ಚಿಕೊಂಡೆ. ಹನ್ನೊಂದು ವರ್ಷದಲ್ಲಿ ಅವನ ಎಷ್ಟು ಫೋಟೋ ತೆಗೆದೆನೋ! ಮೀಸೆ ಬಂತು, ಹೋಯಿತು. ಕೂದಲು ಹಿಂದಕ್ಕೆ ಸರಿಯಿತು. ಸಂಸಾರಸ್ಥರು ಸ್ಟುಡಿಯೊದಲ್ಲಿ ತೆಗೆಸಿಕೊಳ್ಳುವಂತೆ ಅವನ ವಯಸ್ಸೆಲ್ಲ ನನ್ನ ಹಾರ್ಡ್‌ಡಿಸ್ಕಿನಲ್ಲಿ ದಾಖಲಾಗಿದೆ.

ಹೋದ ತಿಂಗಳು ಒಂದು ಸೋಮವಾರ ಅವನೇ ಸ್ಟುಡಿಯೊದ ಬಾಗಿಲು ತಳ್ಳಿಕೊಂಡು ಬಂದ.

‘ಸಾರ್, ಪಾಸ್‌ಪೋರ್ಟ್ ಸೈಜ್ ಆರು ಕಾಪಿ. ಎದುರಿನಿಂದ ಮಾತ್ರ ಸಾಕು, ಸೈಡ್ ಬೇಡ,’ ಎಂದ. ನಗುತ್ತಿದ್ದ.

ಕೂರಿಸಿದೆ. ಲೈಟು ಹಾಕಿದೆ. ಯಾವುದಕ್ಕೆಂದು ಕೇಳಿದೆ. ಜೇಬಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟ. ಚುನಾವಣೆ ಹತ್ತಿರವಿದ್ದುದರಿಂದ ಪದೇಪದೇ ಅಪರಾಧ ಮಾಡುವವರನ್ನು ಗಡಿಪಾರು ಮಾಡಲು ಪಟ್ಟಿ ತಯಾರಾಗಿತ್ತು. ನಿನ್ನನ್ನು ಆರು ತಿಂಗಳು ಬೀದರ್ ಜಿಲ್ಲೆಗೆ ಯಾಕೆ ಕಳಿಸಬಾರದು, ಗುರುವಾರ ಡಿಸಿಪಿಯವರ ಮುಂದೆ ಬಂದು ಹೇಳು ಎಂಬುದು ಆ ನೋಟಿಸು. ಲಾಯರು ಬರೆದುಕೊಟ್ಟ ಉತ್ತರದ ಜೊತೆಗೆ ಏನೇನೋ ಅರ್ಜಿಗಳಿಗೆ ಫೋಟೋ ಬೇಕಿತ್ತು.

‘ಬೀದರ್ರೇ ಯಾಕೋ?’ ಎಂದೆ.

‘ಯಾರಿಗ್ ಗೊತ್ತು ಸಾರ್. ನನ್ ಹೆಂಡ್ತಿ ಊರು ಅದೇ. ಮಾವನ ಮನೆಗೆ ಸರ್ಕಾರಿ ಖರ್ಚಲ್ಲಿ ಕಳಿಸ್ತಿದಾರೆ.’ ನಗು ಅಲ್ಲಿಗೇ ನಿಂತಿತು. ‘ಅಲ್ಲಿ ಯಾರಿಗೂ ಈ ಶೀಟಿನ ವಿಷ್ಯ ಗೊತ್ತಿಲ್ಲ. ವಾರವಾರ ಅಲ್ಲಿನ ಸ್ಟೇಷನ್ನಿಗೆ ಹೋಗಿ ಸೈನ್ ಹಾಕ್ಬೇಕಂತೆ. ಮಾವನ ಊರಲ್ಲಿ. ಇಲ್ಲಿ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಹೆಂಡ್ತಿ ಬ್ಯಾಗ್ ತುಂಬ್ತಿದಾಳೆ, ಅಳ್ತಾನೂ ಇಲ್ಲ, ಮಾತಾಡ್ತಾನೂ ಇಲ್ಲ.’

ನೋಟಿಸನ್ನು ಓದಿದೆ. ಅವನ ಮೇಲೆ ಏಳು ದಾಖಲೆಗಳಿದ್ದವು. ಏಳು! ನನಗೆ ಗೊತ್ತಿದ್ದದ್ದು ಎರಡೇ. ಉಳಿದ ಐದು ಏನೆಂದು ನೋಡಿದರೆ, ಪ್ರತಿ ಸಲ ಹಬ್ಬಕ್ಕೋ ಚುನಾವಣೆಗೋ ಮುಂಜಾಗ್ರತೆಯೆಂದು ಅವನಿಂದ ‘ಸನ್ನಡತೆಯಿಂದಿರುತ್ತೇನೆ’ ಎಂದು ಬರೆಸಿಕೊಂಡ ಮುಚ್ಚಳಿಕೆಗಳು. ಶೀಟು ಇದೆ ಎಂದು ಮುಚ್ಚಳಿಕೆ ಬರೆಸಿಕೊಂಡರು. ಮುಚ್ಚಳಿಕೆ ಬರೆಸಿಕೊಂಡಿದ್ದೇವೆ, ಆದ್ದರಿಂದ ಶೀಟು ಮುಂದುವರಿಯಲಿ ಎಂದರು. ಈಗ ಎಲ್ಲ ಸೇರಿಸಿ ಏಳು ಸಲದ ಅಪರಾಧಿ. ಇಡೀ ಗೋಪುರದ ಕೆಳಗೆ ಇದ್ದದ್ದು ಆ ಎರಡನೆಯ ಕೇಸು, ಅದರ ಕೆಳಗೆ ನನ್ನ ಸಹಿ.

ನೋಟಿಸಿನಲ್ಲಿ ಆ ಕೇಸಿನ ತಾರೀಖು ಇತ್ತು. ಅದನ್ನು ನೋಡಿದ್ದೇ ಅಟ್ಟಕ್ಕೆ ಸ್ಟೂಲು ಹಾಕಿ ಹತ್ತಿದೆ.

‘ಸಾರ್, ಬೀಳ್ತೀರ! ಏನ್ ಬೇಕು ಹೇಳಿ, ನಾನ್ ತೆಗೀತೀನಿ. ಏಣಿ ನನ್ ಕೆಲ್ಸ!’

ಧೂಳು ಹೊಡೆಯುತ್ತಾ ಹಳೆಯ ಆರ್ಡರ್ ಪುಸ್ತಕಗಳನ್ನು ಕೆಳಗೆ ಎಸೆದೆ. ಮೂರನೆಯ ಪುಸ್ತಕದಲ್ಲಿ ಆ ತಾರೀಖು ಸಿಕ್ಕಿತು. ನನ್ನದೇ ಕೈಬರಹ: ಬಾಗಲೂರು ಹುಡುಗಿ, ಯಲಹಂಕ ಛತ್ರ, ಮುಹೂರ್ತ ಹತ್ತು ಇಪ್ಪತ್ತರಿಂದ ಹನ್ನೊಂದು ಹತ್ತು. ಮದುವೆಗೆ ಫೋಟೋದವನು ತಡವಾಗಿ ಬರಬಹುದು, ಊಟಕ್ಕೆ ಬೇಗ ಹೋಗಬಹುದು; ಆದರೆ ಧಾರೆ ಎರೆಯುವಾಗ ಅವನು ಮಂಟಪ ಬಿಟ್ಟು ಕದಲುವಂತಿಲ್ಲ.

ಸ್ಟೂಲಿನ ಮೇಲೆ ನಿಂತೇ ಅವನಿಗೆ ಹೇಳಿದೆ: ‘ಗುರುವಾರ ನಾನೂ ಬರ್ತೀನಿ. ಸುಳ್ಳು ಹೇಳಿದ್ದೆ ಅಂತ ಹೇಳ್ತೀನಿ.’

ಅವನು ಕೆಳಗೆ ಬಿದ್ದಿದ್ದ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ.

‘ನಂಬಲ್ಲ ಸಾರ್ ಅವ್ರು,’ ಎಂದ. ‘ನಾನೂ ನಂಬಲ್ಲ.’

ಹೌದಲ್ಲ! ನನ್ನ ಮಾತಿಗೆ ಏನು ಬೆಲೆ? ಆರ್ಡರ್ ಪುಸ್ತಕ ನಾನೇ ಬರೆದದ್ದು. ಆ ಮದುವೆಯಲ್ಲಿ ನಾನು ಸಾವಿರ ಫೋಟೋ ತೆಗೆದಿರಬಹುದು, ಒಂದರಲ್ಲೂ ನಾನಿಲ್ಲ. ಆಗ ಹೊಳೆದದ್ದು ವಿಡಿಯೊ. ವಿಡಿಯೊ ತೆಗೆಯುವವನು ಬೇರೆಯವನಿದ್ದ, ಮತ್ತು ನಾನು ಸದಾ ಅವನ ಕ್ಯಾಮೆರಾಕ್ಕೆ ಅಡ್ಡ ಬರುತ್ತಿದ್ದೆ. ಈ ಒಂದು ವಿಷಯಕ್ಕೆ ನಮ್ಮಿಬ್ಬರಿಗೆ ಎಷ್ಟು ಜಗಳವಾಗಿದೆಯೋ!

ಮಂಗಳವಾರ ಬೆಳಗ್ಗೆ ಬಾಗಲೂರಿಗೆ ಬಸ್ಸು ಹತ್ತಿದೆ. ಎಳೆಯ ಹುಡುಗನಂತೆ ಕಿಟಕಿ ಪಕ್ಕ ಕೂತು ಪ್ರತಿ ಸ್ಟಾಪಿನಲ್ಲೂ ಕತ್ತು ಚಾಚಿ ನೋಡಿದೆ. ಹನ್ನೊಂದು ವರ್ಷದ ಹಿಂದೆ ಹೆಂಚಿನ ಮನೆಯಿದ್ದ ಜಾಗದಲ್ಲಿ ನಾಲ್ಕು ಮಹಡಿಯ ಪಿ.ಜಿ. ನಿಂತಿತ್ತು. ಕೆಳಗೆ ಮಣೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸನ್ನು ಕಂಡ ಕೂಡಲೇ ಗುರುತು ಸಿಕ್ಕಿತು. ಹೆಣ್ಣಿನ ತಾಯಿ. ಅವರಿಗೂ ಸಿಕ್ಕಿತು.

‘ಓಹೋ, ಫೋಟೋದಪ್ಪ! ಆಲ್ಬಮ್ ಕೊಡಕ್ಕೆ ಆರ್ ತಿಂಗ್ಳು ಆಟ ಆಡ್ಸಿದ್ಯಲ್ಲ, ಈಗ ಇಂಗ್ ಬಂದಿದ್ಯಾ? ಮೊಮ್ಮಗಳ್ ಮದ್ವೆ ಇನ್ನೂ ಅದಿನೈದ್ ವರ್ಸ ಐತೆ, ಓಗು!’

ಅವರ ಮುಂದೆ ಕೂತು, ಅವರೆಕಾಯಿ ಬಿಡಿಸುತ್ತಾ, ಎಲ್ಲವನ್ನೂ ಹೇಳಿದೆ. ಕೋರ್ಟಿನಲ್ಲಿ ಪ್ರಮಾಣ ಮಾಡಿದ್ದನ್ನೂ ಬಿಡಲಿಲ್ಲ. ನನ್ನ ಬಾಯಿಂದ ಅದೆಲ್ಲ ಪೂರ್ತಿಯಾಗಿ ಹೊರಬಂದದ್ದು ಅದೇ ಮೊದಲು; ಹೆಂಡತಿಗೂ ಹೇಳಿರಲಿಲ್ಲ. ಆಕೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

‘ನನ್ ಮಗಳ್ ಮದ್ವೆ ದಿವ್ಸ ಇಂತಾ ಕೆಲ್ಸ ಮಾಡ್ಬಂದ್ಯಾ? ಅಕ್ಸತೆ ಆಕಿಸ್ಕೊಂಡ್ ಓಗಿ?’

ಹೌದೆಂದೆ. ಆಕೆ ಎದ್ದು ಒಳಗೆ ಹೋದರು. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದ ಡಿವಿಡಿಯನ್ನೂ, ಆಲ್ಬಮ್ಮಿನ ಮೊದಲ ಪುಟಕ್ಕೆ ಅಂಟಿಸಿದ್ದ ಲಗ್ನಪತ್ರಿಕೆಯನ್ನೂ ತಂದರು. ನಾನು ಕೈ ಚಾಚಿದೆ. ಕೊಡಲಿಲ್ಲ.

‘ನಿನ್ ಕೈಗೆ ಕೊಟ್ರೆ ಇನ್ನಾರ್ ತಿಂಗ್ಳು. ನಾನೇ ಬತ್ತೀನಿ ಗುರ್ವಾರ.’

ಆದರೆ ಡಿವಿಡಿ ಓಡುತ್ತದೋ ಇಲ್ಲವೋ ನೋಡಬೇಕಲ್ಲ? ಅವತ್ತೇ ಇಬ್ಬರೂ ಬಸ್ಸಿನಲ್ಲಿ ಸ್ಟುಡಿಯೊಗೆ ಬಂದೆವು. ಆಕೆ ಡಿವಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಪೇಂಟರನಿಗೂ ಫೋನು ಮಾಡಿ ಕರೆಸಿದೆ. ನನ್ನ ಹಳೆಯ ಕಂಪ್ಯೂಟರು ಡಿಸ್ಕನ್ನು ನುಂಗಿತು, ಗುರ್ ಎಂದಿತು, ನಿಂತಿತು. ತೆಗೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದೆ. ಗುರ್ ಎಂದಿತು. ನಾದಸ್ವರ ಕೇಳಿಸಿತು! ಮೂವರೂ ಒಟ್ಟಿಗೆ ಮುಂದಕ್ಕೆ ಬಗ್ಗಿದೆವು. ವರಪೂಜೆ ಹೋಯಿತು, ಕಾಶೀಯಾತ್ರೆ ಹೋಯಿತು. ಧಾರೆಯ ಹೊತ್ತಿಗೆ ಗಟ್ಟಿಮೇಳ ಎದ್ದಿತು. ಅಪ್ಪ, ಅಮ್ಮ, ಮದುಮಗಳ ಕೈಗಳು, ಮೇಲಿನಿಂದ ಹಾಲು. ಅಷ್ಟರಲ್ಲಿ ಇಡೀ ಪರದೆಗೆ ಅಡ್ಡವಾಗಿ ಒಂದು ತಲೆ ಬಂತು. ನೆತ್ತಿಯಲ್ಲಿ ಕೂದಲಿಲ್ಲದ, ನನ್ನ ತಲೆ.

‘ಲೇ ಫೋಟೋದೋನೇ, ಪಕ್ಕಕ್ ಓಗಯ್ಯ! ವಿಡಿಯೊಗೆ ನನ್ ಮಗಳ್ ಮಕಾನೇ ಬೀಳಲ್ಲ!’ ಎಂದು ವಿಡಿಯೊದಲ್ಲಿ ಇದೇ ತಾಯಿಯ ಧ್ವನಿ. ತಲೆ ತಿರುಗಿತು. ನನ್ನ ಮುಖ ಪೂರ್ತಿ ಕಂಡಿತು, ಹಲ್ಲು ಬಿಡುತ್ತಿದ್ದೆ.

ನಾನು ಮೇಜನ್ನು ಗುದ್ದಿ ಕುಣಿದೆ. ನಿಜವಾಗಿ ಕುಣಿದೆ. ಪೇಂಟರ್ ಕುಣಿಯಲಿಲ್ಲ. ಪರದೆಯನ್ನೇ ನೋಡುತ್ತಾ ಕೂತಿದ್ದ.

‘ಈ ಹೊತ್ತಿಗೆ ನಾನು ಏಣಿ ಮೇಲಿದ್ದೆ ಸಾರ್,’ ಎಂದ. ‘ಎರಡ್ನೇ ಕೋಟು ಹೊಡೀತಿದ್ದೆ.’

ಗುರುವಾರ ಹನ್ನೊಂದಕ್ಕೆ ನಮ್ಮನ್ನು ಒಳಗೆ ಕರೆದರು. ಡಿಸಿಪಿ ಹೆಂಗಸು, ನನ್ನ ಮಗಳ ವಯಸ್ಸು. ಪಕ್ಕದಲ್ಲಿ ಈಗಿನ ಇನ್ಸ್‌ಪೆಕ್ಟರ್ ಕಡತ ಹಿಡಿದು ನಿಂತಿದ್ದರು. ಲಾಯರು ಅವತ್ತು ಬೇರೆ ಕೋರ್ಟಿನಲ್ಲಿದ್ದುದರಿಂದ ಪೇಂಟರ್ ತಾನೇ ಉತ್ತರದ ಕಾಗದ ಮುಂದಿಟ್ಟು, ‘ಇವ್ರು ಏನೋ ಹೇಳ್ಬೇಕಂತೆ ಮೇಡಂ’ ಎಂದು ನನ್ನನ್ನು ತೋರಿಸಿದ. ಆಗಲೂ ಅವನಿಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ. ಬ್ಯಾಗನ್ನು ಜೊತೆಗೇ ತಂದಿದ್ದ, ಕಾಲ ಬಳಿ ಇಟ್ಟುಕೊಂಡಿದ್ದ.

ಹೇಳಿದೆ. ಮಾತು ಎಲ್ಲೂ ನಿಲ್ಲಲಿಲ್ಲ.

‘ಕೋರ್ಟಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದೆ ಅಂತ ನನ್ನೆದುರು ನಿಂತು ಹೇಳ್ತಿದೀರ,’ ಎಂದರು ಡಿಸಿಪಿ. ‘ಇದರ ಪರಿಣಾಮ ಗೊತ್ತಿದೆಯಾ ನಿಮಗೆ?’

‘ಇಲ್ಲ ಮೇಡಂ. ಹೇಳಿ, ತಿಳ್ಕೊತೀನಿ.’

ಇನ್ಸ್‌ಪೆಕ್ಟರ್ ಮಧ್ಯೆ ಬಂದರು. ‘ಮೇಡಂ, ಆ ಕೇಸು ಹೇಗೂ ಖುಲಾಸೆ ಆಗಿದೆ. ನಮ್ಮ ವರದಿ ಇವನ ಒಟ್ಟಾರೆ ಚಟುವಟಿಕೆ ಮೇಲೆ. ಏಳು ದಾಖಲೆ ಇವೆ.’

‘ಇವನ್ ಚಟುವಟಿಕೆ ಅತ್ಲಾಗಿರ್ಲಿ, ಮದ್ಲು ನಮ್ ಮದ್ವೆ ನೋಡಿ ತಾಯಿ,’ ಎಂದು ಬಾಗಲೂರಿನ ತಾಯಿ ಸೆರಗು ಬಿಚ್ಚಿ ಡಿವಿಡಿಯನ್ನೂ ಲಗ್ನಪತ್ರಿಕೆಯನ್ನೂ ಮೇಜಿನ ಮೇಲಿಟ್ಟೇಬಿಟ್ಟರು.

ನಾನು ಪೆನ್‌ಡ್ರೈವಿನಲ್ಲೂ ಹಾಕಿಕೊಂಡು ಹೋಗಿದ್ದೆ. ಡಿಸಿಪಿ ಕಚೇರಿಯ ಕಂಪ್ಯೂಟರಿನಲ್ಲಿ ಗಟ್ಟಿಮೇಳ ಮೊಳಗಿತು. ಹೊರಗಿದ್ದ ಪೇದೆಯೊಬ್ಬ ಬಾಗಿಲಿನಿಂದ ಇಣುಕಿದ. ‘ಪಕ್ಕಕ್ ಓಗಯ್ಯ’ ಬಂದಾಗ ಡಿಸಿಪಿಯವರ ತುಟಿ ಸ್ವಲ್ಪ ಸಡಿಲವಾಯಿತು. ಪತ್ರಿಕೆಯ ಮೇಲಿನ ತಾರೀಖು ನೋಡಿದರು, ಮುಹೂರ್ತ ನೋಡಿದರು, ಮಹಜರಿನ ನಕಲು ತರಿಸಿ ಗಂಟೆ ನೋಡಿದರು. ಪರದೆಯ ಮೇಲಿನ ಮುಖವನ್ನೂ ನನ್ನ ಮುಖವನ್ನೂ ಎರಡು ಸಲ ಹೋಲಿಸಿದರು.

ಆಮೇಲೆ ಪೆನ್ಸಿಲ್ ತೆಗೆದುಕೊಂಡು ಏಳು ದಾಖಲೆಗಳನ್ನು ಒಂದೊಂದಾಗಿ ನೋಡತೊಡಗಿದರು.

‘ಮೊದಲನೇದು ಸೇದಿದ್ದು. ದಂಡ ಕಟ್ಟಿದಾನೆ. ಎರಡನೇದು ಇದು.’ ಗೆರೆ ಎಳೆದರು. ‘ಮೂರನೇದು ಮುಚ್ಚಳಿಕೆ. ಕಾರಣ ಏನು ಬರೆದಿದೀರಿ?’

ಇನ್ಸ್‌ಪೆಕ್ಟರ್ ಓದಿದರು: ‘ಸದರಿ ಆಸಾಮಿ ಈ ಹಿಂದೆ ಗಾಂಜಾ ಮಾರಾಟದ ಪ್ರಕರಣದಲ್ಲಿ...’

‘ನಾಲ್ಕನೇದು?’

‘ಅದೂ... ಅದೇ ಪ್ರಕರಣ ಮೇಡಂ.’

‘ಐದು?’

ಇನ್ಸ್‌ಪೆಕ್ಟರ್ ಕಡತವನ್ನೇ ಅವರ ಮುಂದಿಟ್ಟರು. ಡಿಸಿಪಿ ಏಳನೆಯದರವರೆಗೂ ತಾವೇ ತಿರುವಿ ನೋಡಿ ಪೆನ್ಸಿಲ್ ಕೆಳಗಿಟ್ಟರು.

‘ಇಷ್ಟು ವರ್ಷದಲ್ಲಿ ಈ ಮನುಷ್ಯ ಮಾಡಿರೋದು ಒಂದು ಕೆಲಸ. ಕೆರೆ ಏರಿ ಮೇಲೆ ಕೂತು ಸೇದಿದ್ದು. ಅದಕ್ಕೆ ಬೀದರ್ರಾ?’

ನೋಟಿಸು ಕೈಬಿಡಲಾಗಿದೆ ಎಂದು ಅಲ್ಲೇ ಬರೆಸಿದರು. ಶೀಟು ಮುಚ್ಚುವ ಪ್ರಸ್ತಾವನೆಯನ್ನು ತಿಂಗಳೊಳಗೆ ಕಳಿಸಿ ಎಂದು ಇನ್ಸ್‌ಪೆಕ್ಟರಿಗೆ ಹೇಳಿದರು. ನನಗೆ ಕುರ್ಚಿ ತೋರಿಸಲಿಲ್ಲ. ನನ್ನ ಹೇಳಿಕೆ ಬರೆದುಕೊಳ್ಳುತ್ತಾರೆಂದೂ, ಕಾನೂನು ತಜ್ಞರನ್ನು ಕೇಳಿ ನನ್ನ ಮೇಲೆ ಕ್ರಮ ಕೈಗೊಳ್ಳಬಹುದೆಂದೂ ಹೇಳಿದರು. ಬಾಗಿಲ ಹತ್ತಿರ ಹೋದಾಗ ಮತ್ತೆ ಕರೆದರು.

‘ಇಂಥದ್ದು ಎಷ್ಟು ಮಹಜರಿಗೆ ಸಹಿ ಹಾಕಿದೀರಿ?’

ನನಗೆ ಲೆಕ್ಕ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ನೆನಪಾದಷ್ಟನ್ನು ಬರೆದು ತನ್ನಿ ಎಂದರು. ಈಗ ಆ ಪಟ್ಟಿಯನ್ನೇ ಮಾಡುತ್ತಿದ್ದೇನೆ. ಅಟ್ಟದ ಮೇಲಿನ ಆರ್ಡರ್ ಪುಸ್ತಕಗಳೆಲ್ಲ ಮನೆಗೆ ಬಂದಿವೆ. ಎಲ್ಲವೂ ಸುಳ್ಳಲ್ಲ, ಯಾವುದು ನಿಜ, ಯಾವುದಲ್ಲ ಎಂದು ಬಿಡಿಸುವಾಗ ಕೆಲವು ಮುಖಗಳು ಎದುರಿಗೆ ಬಂದು ನಿಲ್ಲುತ್ತವೆ. ಹೆಂಡತಿಗೂ ಎಲ್ಲ ಹೇಳಿದ್ದೇನೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಪುಸ್ತಕಗಳ ಧೂಳು ಒರೆಸಿಕೊಟ್ಟಳು.

ಅವತ್ತು ಮೆಟ್ಟಿಲಿಳಿದು ಹೊರಗೆ ಬಂದಾಗ ಬಾಗಲೂರಿನ ತಾಯಿ ಡಿವಿಡಿಯನ್ನು ಮತ್ತೆ ಸೆರಗಿಗೆ ಸುತ್ತಿಕೊಂಡು, ‘ಬಸ್ ತಪ್ಪೋಯ್ತದೆ’ ಎಂದು ಹೊರಟೇಬಿಟ್ಟರು. ಪೇಂಟರ್ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಕಾಂಪೌಂಡಿನ ಮರದ ಕೆಳಗೆ ನಿಂತು ಹೆಂಡತಿಗೆ ಫೋನು ಮಾಡಿದ.

‘ಎಲ್ಲೂ ಹೋಗಲ್ಲ ಕಣೇ. ಹ್ಞೂಂ, ಬಿಟ್ರು. ಇಲ್ಲ, ಪೂರ್ತಿ ಬಿಟ್ರು. ಫೋಟೋ ಸಾರ್ ಬಂದು ಹೇಳಿದ್ರು.’ ಆ ಕಡೆಯ ಮಾತನ್ನು ಕೇಳಿಸಿಕೊಂಡು ಫೋನನ್ನು ನನ್ನತ್ತ ಚಾಚಿದ. ‘ನಿಮ್ಗೇ ಕೊಡ್ಬೇಕಂತೆ.’

ಅವನಿಗೆ ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದವನು ಫೋನನ್ನು ಕಿವಿಗಿಟ್ಟುಕೊಂಡೆ. ನನ್ನ ಮುಖದ ಮೇಲೆ ಆಗಲೂ ಗೆದ್ದ ನಗು ಇತ್ತು.

‘ಇಷ್ಟ್ ವರ್ಷ ಎಲ್ಲಿದ್ರೀ ನೀವು?’ ಎಂದಳು ಆಕೆ. ಬೈಯುವ ಧ್ವನಿಯಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು.

‘ಇಲ್ಲೇ ಇದ್ದೆ ಕಣಮ್ಮಾ,’ ಎಂದೆ. ‘ಸ್ಟೇಷನ್ ಎದುರಿಗೇ.’